ಎರಡನೇ ಸಾಕ್ಷಿ

ಸ್ಟೆಲ್ಲಾ ನಕ್ಕಳು. ನೆರಿಯೊ ಕೂಡ ನಕ್ಕ. ಬಾಗಿಲಲ್ಲಿ ಮದುವೆ ಕೆಲಸದ ಪಟ್ಟಿ ಹಿಡಿದು ನಿಂತಿದ್ದ ಬುಲೋರ್‌ಗೆ ಅಡಿಯಿಂದ ಮುಡಿಯವರೆಗೆ ಉರಿದುಹೋಯಿತು.

ನಗಲಿ, ಬೇಡ ಅಂದವರು ಯಾರು? ಆದರೆ ಹೀಗೆ ನಗಬೇಕೆ? ಹಿಪ್ಪುನೇರಳೆ ಮರದ ಕೆಳಗೆ ನಿಂತು, ಅವನು ಕೊಂಬೆ ಬಗ್ಗಿಸಿ ಹಿಡಿಯುವುದಂತೆ, ಅವಳು ತುದಿಗಾಲಲ್ಲಿ ನಿಂತು ಹಣ್ಣು ಕೀಳುವುದಂತೆ, ಒಂದು ಬಾಯಿಗೆ, ಒಂದು ಬಟ್ಟಲಿಗೆ. ಮರ ಬುಲೋರ್ ಮನೆಯದು. ಅಂಗಳವೂ ಬುಲೋರ್ ಮನೆಯದೇ. ಆದರೆ ಆ ಹುಡುಗ ನನ್ನವನು ಅಂತ ಹೇಳಿಕೊಳ್ಳುವ ಧೈರ್ಯ ಮಾತ್ರ ಅವಳಿಗೆ ಇವತ್ತಿನವರೆಗೂ ಬಂದಿರಲಿಲ್ಲ.

"ನೆರಿಯೊ, ಮೂರು ಕುರಿ ಗೇಟಲ್ಲಿ ಬಂದು ನಿಂತಿವೆ. ನಿನಗೆ ಪುರುಸೊತ್ತಾದಾಗ ಹೇಳು, ಪಾಪ, ಕಾಯ್ತಾವೆ."

"ಬಂದೆ ಬಂದೆ. ಹಣ್ಣು ತಿಂತೀಯಾ?"

"ನಂಗೆ ಹಲ್ಲುನೋವು."

"ನಿನ್ನೆ ಇರ್ಲಿಲ್ಲ?"

"ಇವತ್ತು ಬಂತು."

ಅವನು ಅವಳ ಮುಖವನ್ನೇ ನೋಡಿದ. ಬುಖಾರಾದ ಯಹೂದಿ ಹೆಣ್ಣುಮಕ್ಕಳು ಮದುವೆ ಆಗುವವರೆಗೆ ಹುಬ್ಬಿಗೆ ದಾರ ಹಚ್ಚಿ ಕೂದಲು ಕೀಳಿಸುವುದಿಲ್ಲ. ಇಪ್ಪತ್ತೆಂಟು ವರ್ಷದ ಬುಲೋರ್‌ಳ ಹುಬ್ಬು ಮೂಗಿನ ಮೇಲೆ ಒಂದಕ್ಕೊಂದು ಕೂಡಿಕೊಂಡಿದ್ದವು. "ಅಷ್ಟು ಗಂಟು ಹಾಕ್ಬೇಡ ಕಣೇ," ಎಂದ. "ಮೊದಲೇ ಸೇರ್ಕೊಂಡಿವೆ, ಆಮೇಲೆ ಯಾರ ಕೈಲೂ ಬಿಡಿಸೋಕಾಗಲ್ಲ."

ಸ್ಟೆಲ್ಲಾ ಮತ್ತೆ ನಕ್ಕಳು. ಅವಳ ಹುಬ್ಬು ಬಿಲ್ಲಿನ ಹಾಗೆ ತಿದ್ದಿ ತೀಡಿದ್ದವು. ನ್ಯೂಯಾರ್ಕಿನವಳು, ಹದಿನಾರಕ್ಕೇ ಮಾಡಿಸಿಕೊಂಡಿರುತ್ತಾಳೆ. ಬುಲೋರ್ ಪಟ್ಟಿ ಮಡಚಿ ಒಳಗೆ ಹೋದಳು.

ಮದುವೆ ಇದ್ದದ್ದು ಸ್ಟೆಲ್ಲಾಳ ತಂಗಿ ನಾವೋಮಿಯದು. ಸ್ಟೆಲ್ಲಾ ಮನೆಯವರು ಬುಖಾರಾ ಬಿಟ್ಟು ನ್ಯೂಯಾರ್ಕಿನ ಕ್ವೀನ್ಸ್‌ಗೆ ಹೋಗಿ ಇಪ್ಪತ್ತೆಂಟು ವರ್ಷ. ಈಗ ಮಗಳಿಗೆ, ಅಜ್ಜ ಅಜ್ಜಿ ಮದುವೆಯಾದ ಓಣಿಯಲ್ಲೇ ತಾನೂ ಮದುವೆಯಾಗಬೇಕೆಂಬ ಆಸೆ. ಹುಡುಗ ವಿಯೆನ್ನಾದವನು. ಮಂಗಳವಾರ ಸಂಜೆ ಮುಹೂರ್ತ, ನೂರ ಹತ್ತು ಜನ. ಹೋಟೆಲು, ಡೋಲಿನವರು, ಜರಿಯ ನಿಲುವಂಗಿ, ಚಪ್ಪರ, ರೊಟ್ಟಿ, ಎಲ್ಲ ಬುಲೋರ್ ತಲೆಯ ಮೇಲೆ. ಊರು ಬಿಟ್ಟವರು ಮದುವೆಗೆಂದು ಊರಿಗೆ ಬರುವುದು, ಬುಲೋರ್ ಅವರ ಮದುವೆ ಮಾಡಿಸಿ ಕಳಿಸುವುದು. ಅವಳ ಕಸುಬೇ ಅದು.

ನೆರಿಯೊ ಈ ಊರಿನ ಷೋಹೆತ್. ಶಾಸ್ತ್ರದ ಪ್ರಕಾರ ಕುರಿ, ಕೋಳಿ ಕೊಯ್ಯಲು ಅಧಿಕಾರ ಇರುವವನು ಬುಖಾರಾದಲ್ಲಿ ಅವನೊಬ್ಬನೇ. ಮದುವೆ ಬಂದರೆ ದೊಡ್ಡ ಕಡಾಯಿಯಲ್ಲಿ ಪಲಾವ್ ಮಾಡುವವನೂ ಅವನೇ. ಎರಡು ವರ್ಷದ ಹಿಂದೆ ಅವನ ಮನೆಯವರೆಲ್ಲ ಇಸ್ರೇಲಿಗೆ ಹೊರಟಾಗ ಅವನೊಬ್ಬ ಹೋಗಲಿಲ್ಲ. "ನಾನು ಹೋದ್ರೆ ಇಲ್ಲಿ ಕೋಳಿ ಕೊಯ್ಯೋರು ಯಾರು?" ಅಂದಿದ್ದ. ಕೋಳಿಗೋಸ್ಕರ ಅಲ್ಲ, ನನಗೋಸ್ಕರ ಉಳಿದ ಅಂತ ಬುಲೋರ್ ಎರಡು ವರ್ಷದಿಂದ ನಂಬಿಕೊಂಡು ಬಂದಿದ್ದಳು. ಅವನು ಹೇಳಲಿಲ್ಲ, ಇವಳು ಕೇಳಲಿಲ್ಲ. ಈಗ ಒಬ್ಬಳು ಸ್ಟೆಲ್ಲಾ ಬಂದು ಒಂದು ಬಟ್ಟಲು ಹಣ್ಣು ತಿಂದು ಅವನನ್ನು ವಿಮಾನ ಹತ್ತಿಸಿಕೊಂಡು ಹೋದರೆ? ಈ ಓಣಿಯ ಮುಕ್ಕಾಲು ಜನ ಹೋದದ್ದು ಹಾಗೆಯೇ, ಒಂದೊಂದು ಮದುವೆಗೆ ಒಬ್ಬೊಬ್ಬರು.

ಅವತ್ತು ಭಾನುವಾರ ಮಧ್ಯಾಹ್ನ ತಾಷ್ಕೆಂಟಿನಿಂದ ರಬ್ಬಿಯ, ಅಂದರೆ ಧರ್ಮಗುರುವಿನ, ಫೋನ್ ಬಂತು. ಮದುವೆಯ ಕರಾರುಪತ್ರಕ್ಕೆ ಇಬ್ಬರು ಸಾಕ್ಷಿ ಬೇಕು. ಕೆಲಸ ಮಾಡದೆ, ಬೆಂಕಿ ಹಚ್ಚದೆ ಶನಿವಾರದ ಸಬ್ಬತ್ ಪಾಲಿಸುವವರಾಗಿರಬೇಕು. ವರನಿಗೂ ವಧುವಿಗೂ ನೆಂಟರಾಗಿರಬಾರದು. ಸಾಕ್ಷಿಗಳಿಬ್ಬರು ಒಬ್ಬರಿಗೊಬ್ಬರು ಕೂಡ ನೆಂಟರಾಗಿರಬಾರದು. ಬುಲೋರ್ ಎಲ್ಲ ಬರೆದುಕೊಂಡಳು.

ಬರೆದುಕೊಳ್ಳುವುದು ಸುಲಭ, ಹುಡುಕುವುದು ಕಷ್ಟ. ಊರಲ್ಲಿ ಉಳಿದಿರುವುದೇ ನೂರೈವತ್ತು ಯಹೂದಿಗಳು. ಹೆಂಗಸರ ಸಾಕ್ಷಿ ನಡೆಯದು; ಗಂಡಸರಲ್ಲಿ ಒಬ್ಬ ವಧುವಿನ ಚಿಕ್ಕಪ್ಪ, ಒಬ್ಬ ಭಾವ, ಒಬ್ಬ ಅವಳಪ್ಪನ ಷಡ್ಡಕ, ಉಳಿದವರು ಸಬ್ಬತ್ ಪಾಲಿಸದವರು. ಯಹೂದಿಗಳ ಪ್ರಾರ್ಥನಾಮಂದಿರ ಸಿನಗಾಗ್ ನೋಡಿಕೊಳ್ಳುತ್ತಿದ್ದ ಬುಲೋರ್‌ಳ ಅಪ್ಪ ಪಿನ್ಹಾಸ್ ಬೆರಳು ಮಡಿಸಿ ಮಡಿಸಿ ಎಣಿಸಿದ. ಕೊನೆಗೆ ಉಳಿದದ್ದು ಎರಡೇ ಬೆರಳು.

"ಒಂದು ನಾನು," ಎಂದ. "ಇನ್ನೊಂದು ನೆರಿಯೊ. ಹೋಗಿ ಕೇಳ್ಕೊಂಡು ಬಾ."

ನೆರಿಯೊ ತನ್ನ ಮನೆಯ ಹಿತ್ತಲಲ್ಲಿ ಕುಳಿತು ಕತ್ತಿಯ ಅಲಗನ್ನು ಉಗುರಿನ ಮೇಲೆ ಮೆಲ್ಲಗೆ ಎಳೆದು ನೋಡುತ್ತಿದ್ದ. ಕೂದಲೆಳೆಯಷ್ಟು ಮುಕ್ಕು ಇದ್ದರೂ ಆ ಕತ್ತಿ ಕೆಲಸಕ್ಕೆ ಬಾರದು. ಬುಲೋರ್ ವಿಷಯ ಹೇಳಿದಳು.

ಅವನ ಕಿವಿ ಕೆಂಪಾದವು. "ಅದು... ನನ್ನ ಕೈಲಾಗಲ್ಲ ಕಣೇ."

"ಯಾಕೆ? ನಿನಗೇನು ಬರೆಯೋಕೆ ಬರಲ್ವಾ?"

"ಹಾಗಲ್ಲ. ನೆಂಟಸ್ತನ ಅಡ್ಡ ಬರುತ್ತೆ."

"ನೆಂಟಸ್ತನನಾ? ನಿನಗ್ಯಾವ ನೆಂಟರು ಇಲ್ಲಿ?"

"ಈಗಿಲ್ಲ. ಆಗಬಹುದು ಅಂತ." ಅವನು ಕತ್ತಿ ಬಿಟ್ಟು ಬೇರೆ ಕಡೆ ನೋಡಿದ. "ಈ ಮದುವೆ ಒಂದು ಮುಗೀಲಿ, ಎಲ್ಲ ಹೇಳ್ತೀನಿ."

ಅಷ್ಟರಲ್ಲಿ ಬೇಲಿಯ ಆಚೆಯಿಂದ ಸ್ಟೆಲ್ಲಾ ತಲೆ ಹಾಕಿದಳು. "ನೆರಿಯೊ! ಹೇಳಿದ್ಯಾ?" ಬುಲೋರ್‌ಳನ್ನು ಕಂಡದ್ದೇ ನಾಲಿಗೆ ಕಚ್ಚಿಕೊಂಡು ಮಾಯವಾದಳು.

ಇನ್ನೇನು ಬೇಕು? ವಧುವಿನ ಅಕ್ಕನನ್ನು ಮದುವೆಯಾಗುವವನು ವಧುವಿಗೆ ಭಾವ. ಭಾವ ಸಾಕ್ಷಿ ಹಾಕುವಂತಿಲ್ಲ. ಬುಲೋರ್ ಎರಡಕ್ಕೆ ಎರಡು ಕೂಡಿಸಿದಳು, ನಾಲ್ಕು ಬಂತು. "ಸಂತೋಷ," ಎಂದಳು. ಮನೆಗೆ ಬಂದು ಜರಿಯ ನಿಲುವಂಗಿಗಳಿಗೆ ಇಸ್ತ್ರಿ ಹಾಕುತ್ತ ಕುಳಿತವಳು ಒಂದಕ್ಕೆ ಸುಟ್ಟ ಕಲೆ ಮಾಡಿದಳು. ಅದು ಸ್ಟೆಲ್ಲಾ ತೊಡಬೇಕಾಗಿದ್ದದ್ದು. ಬೇಕೆಂದೇ ಮಾಡಲಿಲ್ಲ, ಆದರೆ ಆದಮೇಲೆ ಬೇಜಾರೂ ಆಗಲಿಲ್ಲ.

ಸೋಮವಾರ ಬೆಳಗ್ಗೆ ವಧುವಿನ ತಾಯಿ ರೋಜಾ ಅಡುಗೆಯ ರುಚಿ ನೋಡಲು ಬಂದರು; ನೆಂಟಸ್ತನವಿಲ್ಲದಿದ್ದರೂ ಬುಲೋರ್ ಅವರನ್ನು ಬಾಯಿಮಾತಿಗೆ ಅತ್ತೆ ಎನ್ನುತ್ತಿದ್ದಳು. ಹುರಿದ ಕುರಿಮಾಂಸದ ತುಂಡೊಂದನ್ನು ಬಾಯಿಗಿಟ್ಟು ಕಣ್ಣು ಮುಚ್ಚಿದರು.

"ಆಹಾ! ಏನ್ ಕೈಗುಣನಪ್ಪಾ ಆ ಹುಡುಗಂದು! ಬುಲೋರ್, ನಿಜ ಹೇಳು. ನೆರಿಯೊ ಹೇಗೆ? ನಮ್ಮ ಸ್ಟೆಲ್ಲಾ ಜೊತೆ ಚೆನ್ನಾಗಿ ಮಾತಾಡ್ತಾನೆ. ಇಂಥ ಚಿನ್ನದಂಥ ಹುಡುಗ ಕ್ವೀನ್ಸ್‌ನಲ್ಲಿ ದೀಪ ಹಾಕಿ ಹುಡುಕಿದ್ರೂ ಸಿಗಲ್ಲ."

ಇಲ್ಲಿ ಬುಲೋರ್ ಬಾಯಿ ಮುಚ್ಚಿಕೊಂಡಿರಬೇಕಿತ್ತು. ಮುಚ್ಚಿಕೊಳ್ಳಲಿಲ್ಲ.

"ಚಿನ್ನವೇ ಅತ್ತೆ. ಸಬ್ಬತ್ ದಿನ ಮಾತ್ರ ಸ್ವಲ್ಪ..."

"ಏನು ಸ್ವಲ್ಪ?"

"ಏನಿಲ್ಲ ಬಿಡಿ. ನಂಗ್ಯಾಕೆ ಊರ ಉಸಾಬರಿ."

ರೋಜಾ ಅತ್ತೆ ಅಗಿಯುವುದನ್ನು ನಿಲ್ಲಿಸಿದರು. ಬಾಯಲ್ಲಿದ್ದ ತುತ್ತನ್ನು ಕರವಸ್ತ್ರಕ್ಕೆ ಉಗಿದರು. ಹುಡುಗನನ್ನು ಅಳಿಯನಾಗಿ ಬೇಡವೆನಿಸಲಿ ಅಂತ ಬುಲೋರ್ ಒಂದು ಅರ್ಧ ಮಾತು ಎಸೆದಿದ್ದಳು, ಅಷ್ಟೇ. ಆದರೆ ಷೋಹೆತ್‌ನ ವಿಷಯದಲ್ಲಿ ಅರ್ಧ ಮಾತೇ ಜಾಸ್ತಿ. ಸಬ್ಬತ್ ಮುರಿಯುವವನ ಕತ್ತಿಯ ಮಾಂಸ ಕೋಷರ್ ಅಲ್ಲ, ಶಾಸ್ತ್ರದ ಪ್ರಕಾರ ತಿನ್ನುವಂತಿಲ್ಲ; ಅವನ ಸಾಕ್ಷಿಯೂ ನಿಲ್ಲದು.

ಹನ್ನೊಂದು ಗಂಟೆಯೊಳಗೆ ಮಾತು ಓಣಿ ಸುತ್ತಿ ಬಂತು. ರೋಜಾ ಅತ್ತೆ ತಾಷ್ಕೆಂಟಿಗೆ ಫೋನ್ ಮಾಡಿದರು. ವಿಚಾರಿಸುವವರೆಗೂ ಆ ಮಾಂಸ ಮುಟ್ಟಬೇಡಿ ಅಂದರು ರಬ್ಬಿ. ಮೂರು ಕುರಿಯ ಮಾಂಸ ಹಾಗೇ ಕೂತಿತು. ಮದುವೆ ಊಟಕ್ಕೆ ಬರೀ ಮೀನು ಕರಿಯುವುದೋ ಎಂಬ ಚರ್ಚೆ ಶುರುವಾಯಿತು. ಮಫ್ರತ್ ಅಜ್ಜಿ, ನೆರಿಯೊನನ್ನು ಎತ್ತಿ ಆಡಿಸಿದವಳು, ಅವನು ಕೊಯ್ದುಕೊಟ್ಟಿದ್ದ ಕೋಳಿಯನ್ನು ಪಾತ್ರೆ ಸಮೇತ ವಾಪಸ್ ಕಳಿಸಿದಳು.

ಬುಲೋರ್ ಹಿತ್ತಲಿಗೆ ಓಡಿದಾಗ ನೆರಿಯೊ ಆ ಕೋಳಿಯ ಮುಂದೆ ಸುಮ್ಮನೆ ಕುಳಿತಿದ್ದ. ಕತ್ತಿ ಪೆಟ್ಟಿಗೆಯೊಳಗಿತ್ತು.

"ನೋಡಿದ್ಯಾ?" ಎಂದ. "ನಾನು ಸಬ್ಬತ್ ಮುರೀತೀನಂತೆ. ನಮ್ಮಪ್ಪ ಸತ್ತ ವಾರ ಕೂಡ ನಾನು ಸಬ್ಬತ್ ದಿನ ಒಂದು ದೀಪ ಹಚ್ಚಲಿಲ್ಲ. ಕತ್ತಲಲ್ಲೇ ಕೂತಿದ್ದೆ. ನಿಂಗೊತ್ತಲ್ಲ, ನೀನೇ ಪಕ್ಕದಲ್ಲಿದ್ದೆ."

ಅವಳು ಕೋಳಿಯ ಪಾತ್ರೆಗೆ ಮುಚ್ಚಳ ಹಾಕಿದಳು.

"ನೀನಾದ್ರೂ ಹೋಗಿ ಹೇಳೇ ಬುಲೋರ್. ನಿನ್ನ ಮಾತು ನಂಬ್ತಾರೆ."

ನಂಬುತ್ತಾರೆ. ನಂಬಿದ್ದಕ್ಕೇ ತಾನೆ ಇಷ್ಟೆಲ್ಲ. ನಾನೇ ಕಣೋ ಅದು ಎನ್ನಲು ಬಾಯಿ ತೆರೆದಳು. ತಿರುಗಿ ಓಡಿದಳು. ಅಳುತ್ತ ಓಡಿದಳು, ಕಾಲಿಗೆ ಚಪ್ಪಲಿ ಇದೆಯೋ ಇಲ್ಲವೋ ನೋಡಲಿಲ್ಲ.

ಮನೆಯ ಅಂಗಳದಲ್ಲಿ ಹುಬ್ಬು ತಿದ್ದುವ ಶಾಸ್ತ್ರ ಆಗಲೇ ಆರಂಭವಾಗಿತ್ತು. ನಲವತ್ತು ಹೆಂಗಸರು, ತಟ್ಟೆ ತುಂಬ ಸಿಹಿ, ಡೋಲಿನ ಸದ್ದು. ನಡುವೆ ನಾವೋಮಿ ಕುಳಿತಿದ್ದಳು. ಅವಳ ಹುಬ್ಬಿನಲ್ಲಿ ಕೀಳಲು ಉಳಿದದ್ದೇ ಏನಿರಲಿಲ್ಲ, ಮಫ್ರತ್ ಅಜ್ಜಿ ದಾರ ಹಿಡಿದು ಹುಡುಕುತ್ತಿದ್ದಳು. "ಎಲ್ಲ ಅಮೆರಿಕದಲ್ಲೇ ಬಿಟ್ಟು ಬಂದಿದಾಳಲ್ಲೇ ಇವಳು!"

ಬುಲೋರ್ ನಡುವೆ ಹೋಗಿ ನಿಂತಳು. ಡೋಲು ನಿಂತಿತು.

"ನೆರಿಯೊ ವಿಷಯ ನಾನು ಹೇಳಿದ್ದು ಸುಳ್ಳು," ಎಂದಳು. "ಅವನು ಒಂದೇ ಒಂದು ಸಬ್ಬತ್ ಮುರಿದಿಲ್ಲ. ಅವನ ಕತ್ತಿಗೆ ದೋಷ ಇಲ್ಲ, ಅವನಿಗೂ ಇಲ್ಲ. ದೋಷ ಇರೋದು ನನ್ನ ಬಾಯಲ್ಲಿ."

"ಅಯ್ಯೋ ನಿನ್ನ! ಬಾಯಲ್ಲಿದ್ದ ತುತ್ತು ಉಗಿದ್ನಲ್ಲೇ!" ಎಂದು ಕೂಗಿದರು ರೋಜಾ ಅತ್ತೆ. ಅಲ್ಲೇ ಫೋನ್ ತೆಗೆದು ರಬ್ಬಿಗೆ ಹಚ್ಚಿ, ಎಲ್ಲರಿಗೂ ಕೇಳುವ ಹಾಗೆ ಸ್ಪೀಕರ್ ಹಾಕಿ ಬುಲೋರ್ ಮೂಗಿನ ಮುಂದೆ ಹಿಡಿದರು. "ಹೇಳು. ಅವರಿಗೂ ಹೇಳು."

ಬುಲೋರ್ ಮತ್ತೊಮ್ಮೆ ಹೇಳಿದಳು.

"ಸುಳ್ಳು ಯಾಕೆ ಹೇಳ್ದೆ ಮಗಳೇ? ಅವನೇನಾದ್ರೂ ತೊಂದರೆ ಕೊಟ್ನಾ?"

"ಇಲ್ಲ ರಬ್ಬಿ."

"ಮತ್ತೆ?"

"ಹೊಟ್ಟೆಕಿಚ್ಚು." ಅವಳ ಮುಖ ಬೆಂಕಿಯಾಗಿತ್ತು. "ಅವನು ಸ್ಟೆಲ್ಲಾನ ಮದುವೆ ಆಗ್ತಾನೆ ಅಂತ ಹೊಟ್ಟೆ ಉರೀತು. ನಂಗೆ ಅವನು ಬೇಕು ರಬ್ಬಿ. ಯಾವಾಗಿಂದ ಅಂತ ನಂಗೇ ಗೊತ್ತಿಲ್ಲ. ಅವನನ್ನ ಬೇರೆಯವರು ನೋಡಿದ್ರೂ ನಂಗೆ ಆಗಲ್ಲ."

"ನನ್ನನ್ನಾ?" ಎಂದು ಸ್ಟೆಲ್ಲಾ ಎದೆಯ ಮೇಲೆ ಕೈಯಿಟ್ಟುಕೊಂಡಳು. "ಅಯ್ಯೋ ಹುಚ್ಚಿ! ನಂಗೆ ಅಲ್ಲಿ ಒಬ್ಬ ಇದಾನೆ ಕಣೇ. ಅಮ್ಮಂಗಿನ್ನೂ ಹೇಳಿಲ್ಲ ಅಷ್ಟೇ." ರೋಜಾ ಅತ್ತೆಯ ಕೈಯಿಂದ ಫೋನ್ ಜಾರಿತು.

ಆದರೆ ಬುಲೋರ್‌ಗೆ ಅದು ಯಾವುದೂ ಕೇಳಿಸಲಿಲ್ಲ. ಗೇಟಿನಲ್ಲಿ ನೆರಿಯೊ ನಿಂತಿದ್ದ. ಹೇಗೂ ಕೆಲಸ ಹೋಯಿತು ಅಂತ ತನ್ನ ಕಡಾಯಿ ತೆಗೆದುಕೊಂಡು ಹೋಗಲು ಬಂದಿದ್ದ. ಎಲ್ಲವನ್ನೂ ಕೇಳಿದ್ದ.

"ನೀನಾ?" ಅಂದ. ಅಷ್ಟೇ. ಕಡಾಯಿ ಅಲ್ಲೇ ಬಿಟ್ಟು ಓಣಿಗೆ ಇಳಿದ.

ಅವಳು ಹಿಂದೆ ಹಿಂದೆಯೇ ಹೋದಳು. "ನೆರಿಯೊ, ನಿಲ್ಲು. ತಪ್ಪಾಯ್ತು. ಕ್ಷಮಿಸು."

ಅವನು ನಿಂತ. ತಿರುಗಿದ ಕಣ್ಣಲ್ಲಿ ಸಿಟ್ಟಿರಲಿಲ್ಲ, ಅದಕ್ಕೇ ಅವಳಿಗೆ ಹೆದರಿಕೆಯಾಯಿತು.

"ಬೇರೆ ಯಾರಾದ್ರೂ ಹೇಳಿದ್ರೆ ತಲೆ ಕೆಡಿಸ್ಕೊಳ್ತಿರ್ಲಿಲ್ಲ ಬುಲೋರ್. ಸಾಕ್ಷಿ ಹಾಕಲ್ಲ ಅಂತ ಯಾಕೆ ಅಂದೆ ಗೊತ್ತಾ? ಸಾಕ್ಷಿಗಳಿಬ್ರೂ ಒಬ್ಬರಿಗೊಬ್ಬರು ನೆಂಟರಾಗಿರಬಾರದು. ನೀನೇ ಹೇಳ್ದೆ. ಮೊದಲನೇ ಸಾಕ್ಷಿ ಯಾರು?"

"ಅಪ್ಪ."

"ಹೂಂ."

ಅವಳು ಓಣಿಯ ಮಣ್ಣಿನ ಗೋಡೆ ಹಿಡಿದುಕೊಂಡಳು.

"ಮದುವೆ ಮುಗಿದ ಮಾರನೇ ದಿನ ನಿಮ್ಮಪ್ಪನ ಹತ್ರ ಬರೋಣ ಅಂತಿದ್ದೆ. ಈ ವಾರ ಸಹಿ ಹಾಕಿ ಮುಂದಿನ ವಾರ ಅಳಿಯ ಆದ್ರೆ, ನಾಳೆ ಯಾರಾದ್ರೂ ಆ ಹುಡುಗಿ ಮದುವೆಗೆ ಕೊಂಕು ತೆಗೀಬಾರದಲ್ಲ ಅಂತ ನಂಗೊಂದು ಅಳುಕು. ಮಾತು ಹೇಗೆ ತೆಗೀಬೇಕು ಅಂತ ಮೂರು ದಿನದಿಂದ ಸ್ಟೆಲ್ಲಾ ಮುಂದೆ ಅಭ್ಯಾಸ ಮಾಡ್ತಿದ್ದೆ. ಅವಳಿಗೆ ನಕ್ಕೂ ನಕ್ಕೂ ಸಾಕಾಯ್ತು."

"ಈಗ?" ಎಂದಳು.

"ಈಗ ಅಳುಕಿಲ್ಲ. ರಬ್ಬಿಗೆ ಹೇಳು. ಸಹಿ ಹಾಕ್ತೀನಿ."

ಹಿಂದಿನ ದಿನ ಅದೇ ಮಾತಿಗಾಗಿ ಅವಳು ಅವನ ಹಿತ್ತಲಿಗೆ ಹೋಗಿದ್ದಳು. ಈಗ ಆ ಮಾತು ಸಿಕ್ಕಿತು. ಪಿನ್ಹಾಸ್‌ನ ಅಳಿಯನಾಗುವ ಆಸೆ ಅವನಿಗೆ ಇನ್ನಿಲ್ಲ ಎಂದು ಅದರ ಅರ್ಥ. ಅವಳು ಓಣಿಯಲ್ಲೇ ಕುಳಿತು ಬಿಕ್ಕಿ ಬಿಕ್ಕಿ ಅತ್ತಳು.

ರಾತ್ರಿ ಊಟಕ್ಕೆ ಕೂತಾಗ ಅಪ್ಪ ಬೈಯಲಿಲ್ಲ. ರೊಟ್ಟಿ ಮುರಿದು ಅವಳ ತಟ್ಟೆಗೆ ಹಾಕಿ, "ಮೂರು ಸಲ ಕೇಳ್ಬೇಕು," ಅಂದ. "ನೋಯಿಸಿದವರನ್ನ ಎದುರಿಗೆ ನಿಂತು ಮೂರು ಸಲ ಕ್ಷಮೆ ಕೇಳ್ಬೇಕು. ನೀನು ಕೇಳಿರೋದು ಒಂದು."

"ಕೊಡದಿದ್ರೆ?"

"ಕೊಡದಿದ್ರೆ ಅದು ಅವನ ಹಣೆಬರಹ. ಕೇಳೋದು ನಿನ್ನ ಕೆಲಸ. ತಿನ್ನು."

ಮಾಂಸಕ್ಕೆ ದೋಷವಿಲ್ಲವೆಂದು ರಬ್ಬಿ ಹೇಳಿಯಾಗಿತ್ತು; ಮಂಗಳವಾರ ಬೆಳಗ್ಗೆ ನೆರಿಯೊ ಕಡಾಯಿಯ ಮುಂದೆ ಈರುಳ್ಳಿ ಹುರಿಯುತ್ತಿದ್ದ. ಊರಿನವರೆಲ್ಲ ಒಬ್ಬೊಬ್ಬರಾಗಿ ಬಂದು ಅವನ ಬೆನ್ನು ತಟ್ಟಿ ಹೋಗಿದ್ದರು. ಮಫ್ರತ್ ಅಜ್ಜಿ ತಾನೇ ಬಂದು, ಕೋಳಿ ವಾಪಸ್ ಕೊಡೋ ಎಂದು ಜಗಳ ಮಾಡಿ ಕೊಂಡೊಯ್ದಿದ್ದಳು. ಸ್ಟೆಲ್ಲಾ ಅವನಿಗೆ ಟೀ ತಂದುಕೊಟ್ಟು, ಬುಲೋರ್‌ಳನ್ನು ನೋಡಿ ಕಣ್ಣು ಮಿಟುಕಿಸಿ ಹೋದಳು. ಇಷ್ಟೆಲ್ಲ ಗೊತ್ತಾದ ಮೇಲೂ ಆ ಟೀ ಲೋಟ ಕಂಡು ಬುಲೋರ್‌ಗೆ ಒಳಗೆ ಚುರ್ ಎಂದಿತು. ಥೂ, ಇದೇನು ಜನ್ಮವಪ್ಪಾ ಎಂದು ತನ್ನನ್ನು ತಾನೇ ಬೈದುಕೊಂಡಳು.

"ನೆರಿಯೊ, ಎರಡನೇ ಸಲ ಕೇಳ್ತಿದೀನಿ. ಕ್ಷಮಿಸು."

"ಆ ಕಡೆ ಸರಿ. ಎಣ್ಣೆ ಸಿಡಿಯುತ್ತೆ."

ಅವಳು ಸರಿಯಲಿಲ್ಲ. ಎಣ್ಣೆ ಸಿಡಿದು ಮುಂಗೈ ಮೇಲೆ ಬಿತ್ತು. ಅವನು ಅವಳ ಕೈ ಹಿಡಿದು ತಣ್ಣೀರಿನ ಬಕೆಟ್‌ಗೆ ಅದ್ದಿದ, ಬೇಕಾದುದಕ್ಕಿಂತ ತುಸು ಜಾಸ್ತಿ ಹೊತ್ತು ಹಿಡಿದುಕೊಂಡ, ಮತ್ತೆ ಹೋಗಿ ಕ್ಯಾರೆಟ್ ಸುರಿದ.

ಸಂಜೆ ಸಿನಗಾಗ್ ಅಂಗಳದಲ್ಲಿ ಇನ್ನೂ ಬಿಸಿಲಿತ್ತು. ಒಂದು ಮೇಜು, ಅದರ ಮೇಲೆ ಬಣ್ಣದ ಅಂಚಿನ ಕರಾರುಪತ್ರ. ತಾಷ್ಕೆಂಟಿನಿಂದ ಬಂದ ರಬ್ಬಿ ಕನ್ನಡಕ ಮೂಗಿನ ತುದಿಗೆ ಇಳಿಸಿ ಎಲ್ಲರನ್ನೂ ನೋಡಿದರು. ಬುಲೋರ್ ಬಂದು "ಪೆನ್ನು ತಗೊಳ್ಳಿ ರಬ್ಬಿ" ಎಂದಾಗ ಅವಳ ಧ್ವನಿ ಗುರುತು ಹಿಡಿದು, "ಓಹೋ, ಹೊಟ್ಟೆಕಿಚ್ಚು!" ಎಂದರು. ಸುತ್ತ ನಿಂತವರು ಕಿಸಕ್ಕೆಂದರು. ವರ ಶಾಸ್ತ್ರದಂತೆ ರಬ್ಬಿಯ ಕರವಸ್ತ್ರ ಎತ್ತಿ ಕರಾರಿಗೆ ಒಪ್ಪಿಗೆ ಕೊಟ್ಟ. ಪಿನ್ಹಾಸ್ ಮೊದಲು ಸಹಿ ಹಾಕಿದ.

ನೆರಿಯೊ ಬಿಳಿ ಅಂಗಿ ತೊಟ್ಟು ಮುಂದೆ ಬಂದ. ಸಹಿ ಹಾಕಿದರೆ ಮುಗಿಯಿತು. ಪೆನ್ನನ್ನು ಅವನ ಕೈಗೆ ಕೊಡಬೇಕಾದವಳು ಬುಲೋರ್.

"ಮೂರನೇ ಸಲ," ಎಂದಳು, ಅವನಿಗಷ್ಟೇ ಕೇಳುವ ಹಾಗೆ. "ಕ್ಷಮಿಸು. ಆಮೇಲೆ ನೀನು ಏನು ಬೇಕಾದ್ರೂ ಬರಿ."

ಅವನು ಪೆನ್ನು ತೆಗೆದುಕೊಂಡ.

"ಹೆಸರು?" ಎಂದರು ರಬ್ಬಿ.

"ನೆರಿಯೊ. ನಿಸ್ಸಿಮ್ ಮಗ."

"ವರನಿಗೆ ನೆಂಟನಾ?"

"ಅಲ್ಲ."

"ವಧುವಿಗೆ?"

"ಅಲ್ಲ."

"ಈ ಪಿನ್ಹಾಸ್‌ಗೆ?"

ನೆರಿಯೊ ತಲೆ ಎತ್ತಿ ಬುಲೋರ್‌ಳನ್ನು ನೋಡಿದ. ಅತ್ತು ಅತ್ತು ಊದಿದ ಕಣ್ಣು, ಮುಂಗೈ ಮೇಲೆ ಕೆಂಪು ಬೊಬ್ಬೆ, ಒಂದಕ್ಕೊಂದು ಅಂಟಿಕೊಂಡ ಹುಬ್ಬು. ಎಲ್ಲವನ್ನೂ ನಿಧಾನವಾಗಿ ನೋಡಿದ. ಅವಳು ನಿಲುವಂಗಿಯ ಅಂಚನ್ನು ಮುಷ್ಟಿಯಲ್ಲಿ ಹಿಂಡುತ್ತಿದ್ದಳು.

"ಇನ್ನೂ ಇಲ್ಲ, ರಬ್ಬಿ," ಎಂದ.

"ಇನ್ನೂ ಇಲ್ಲ ಅಂದ್ರೆ?"

"ಹುಡುಗೀನ ಇನ್ನೂ ಕೇಳಿಲ್ಲ."

ಪಿನ್ಹಾಸ್‌ಗೆ ಕೆಮ್ಮು ಬಂತು. ರೋಜಾ ಅತ್ತೆ ಬಾಯಿಗೆ ಕೈ ಹಚ್ಚಿದರು. ರಬ್ಬಿ ಕನ್ನಡಕ ಮೇಲೇರಿಸಿ ಅವನನ್ನು, ಅವಳನ್ನು, ಮತ್ತೆ ಅವನನ್ನು ನೋಡಿದರು.

"ಇವತ್ತಿಗೆ ನೆಂಟನಲ್ಲ ತಾನೇ? ಶಾಸ್ತ್ರಕ್ಕೆ ಅಷ್ಟು ಸಾಕು. ಹಾಕು ಸಹಿ. ಬೇಗ ಹಾಕಪ್ಪಾ, ಆ ಮಗು ಉಸಿರಾಡೋದೇ ಮರೆತಿದೆ."

ಅವನು ಬಗ್ಗಿ ಸಹಿ ಹಾಕಿದ. ಪೆನ್ನನ್ನು ಅವಳ ಸುಟ್ಟ ಕೈಗೆ ಕೊಡದೆ, ಇನ್ನೊಂದು ಕೈಗೆ ಕೊಟ್ಟ.

"ನಮ್ಮ ಮದುವೆಗೆ ಬೇರೆ ಸಾಕ್ಷಿ ಹುಡುಕು ಬುಲೋರ್," ಎಂದ. "ಊರಲ್ಲಿ ಇದ್ದಿದ್ದು ನಿಮ್ಮಪ್ಪ, ನಾನು ಇಬ್ಬರೇ. ಈಗ ಇಬ್ಬರೂ ನಿನಗೆ ನೆಂಟರಾದ್ವಿ."